ಏಳು ಸಭೆಗಳ ಯಾತ್ರೆ: ಬರೀ ಕಲ್ಲು ನೋಡೋಕೆ ಅಷ್ಟು ದೂರ ಹೋಗಬೇಕಾ?

ಪ್ರಶ್ನೆ: ನಾವು ಧಾರವಾಡ ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ನಮ್ಮಲ್ಲಿ ಕೆಲವರು ಯೆರೂಸಲೇಮಿಗೆ ಹೋಗಿ ಬಂದಿದ್ದಾರೆ. ಈ ಸಲ 26 ಮಂದಿ ಸೇರಿ ಟರ್ಕಿಗೆ, ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ ಏಳು ಸಭೆಗಳ ಯಾತ್ರೆಗೆ ಹೋಗಬೇಕೆಂದಿದ್ದೇವೆ. ಅರ್ಧಕ್ಕಿಂತ ಜಾಸ್ತಿ ಜನ ಅರವತ್ತು ದಾಟಿದವರು. ಏಜೆಂಟರು ಕೊಟ್ಟ ಪಟ್ಟಿಯಲ್ಲಿ 8 ದಿನ ಇದೆ. ಏಳೂ ಊರು ಎರಡೂವರೆ ದಿನದಲ್ಲಿ ಮುಗಿಸಿ, ಆಮೇಲೆ ಕಪ್ಪದೋಕ್ಯದ ಬಲೂನು, ಇಸ್ತಾನ್‌ಬುಲ್ ಶಾಪಿಂಗ್. ಹೋಗಿ ಬಂದ ಒಬ್ಬರು 'ಅಲ್ಲಿ ಒಂದೂ ಚರ್ಚಿಲ್ಲ, ಬರೀ ಕಲ್ಲು' ಎನ್ನುತ್ತಾರೆ. ಇಷ್ಟು ದುಡ್ಡು ಹಾಕಿ ಹೋಗುವುದು ಸರಿಯೇ? ವಯಸ್ಸಾದವರಿಗೆ ಆದೀತೇ? ಅಲ್ಲಿ ಆರಾಧನೆ ನಡೆಸಬಹುದೇ?

ಉತ್ತರ: ಹೋಗಿ ಬಂದವರು ಸುಳ್ಳು ಹೇಳಿಲ್ಲ. ಅವರನ್ನು ಕರೆದುಕೊಂಡು ಹೋದವರು ಮೊದಲೇ ಒಂದು ಮಾತು ಹೇಳಬೇಕಿತ್ತು, ಹೇಳಿಲ್ಲ ಅಷ್ಟೆ. ನಮ್ಮ ಸತ್ಯವೇದ ತೆಗೆದು ನೋಡಿ. ಪ್ರಕಟನೆಯ ಮೊದಲ ಅಧ್ಯಾಯದಲ್ಲಿ ಯೋಹಾನ ಬರೆಯುವುದು ಆಸ್ಯಸೀಮೆಯ, ಅಂದರೆ ಈಗಿನ ಟರ್ಕಿಯ ಪಶ್ಚಿಮ ಭಾಗದ, ಏಳು 'ಸಭೆ'ಗಳಿಗೆ. ಮುಂದಿನ ಎರಡು ಅಧ್ಯಾಯಗಳಲ್ಲಿ ಒಂದೊಂದು ಸಭೆಗೂ ಒಂದೊಂದು ಪತ್ರವಿದೆ. ಸಭೆ ಅಂದರೆ ಕೂಡಿದ ಜನ. ಮೂಲ ಗ್ರೀಕಿನಲ್ಲೂ ಅದೇ ಅರ್ಥ. ಒಂದನೇ ಶತಮಾನದ ಆ ಜನ ಯಾರದೋ ಮನೆಯ ಪಡಸಾಲೆಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಚರ್ಚು ಅಂತ ಬೇರೆ ಕಟ್ಟಡವೇ ಇರಲಿಲ್ಲ. ನಮ್ಮ ಭಾಷೆಯಲ್ಲಿ ಇದು ಸರಿಯಾಗೇ ಇದೆ. ಟೂರ್ ಕಂಪನಿಗಳ ಬಣ್ಣದ ಹಾಳೆಯಲ್ಲಿ 'ಸೆವೆನ್ ಚರ್ಚಸ್' ಎಂದು ಓದಿದವರ ಮನಸ್ಸಿನಲ್ಲಿ ಏಳು ಗೋಪುರ, ಏಳು ಗಂಟೆ ಬಂದು ಕೂತುಬಿಡುತ್ತವೆ. ಅಲ್ಲಿ ಇಳಿದಾಗ ನಿರಾಸೆ ಆಗುತ್ತದೆ.

ಆಮೇಲಿನ ಶತಮಾನಗಳಲ್ಲಿ ಚರ್ಚುಗಳು ಎದ್ದವು, ಭೂಕಂಪಕ್ಕೂ ಯುದ್ಧಕ್ಕೂ ಬಿದ್ದವು. ಕ್ರೈಸ್ತರು ಮಾತ್ರ ನೂರು ವರ್ಷದ ಹಿಂದಿನವರೆಗೂ ಈ ಸೀಮೆಯಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. 1922ರಲ್ಲಿ ಏಳು ಊರುಗಳಲ್ಲೊಂದಾದ ಸ್ಮುರ್ನ ಬೆಂಕಿಗೆ ಆಹುತಿಯಾಯಿತು. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನೇ ಅದಲು ಬದಲು ಮಾಡಿಕೊಳ್ಳುವ ಒಪ್ಪಂದ ಮಾಡಿದವು. ಸುಮಾರು 12 ಲಕ್ಷ ಗ್ರೀಕ್ ಕ್ರೈಸ್ತರು ಗ್ರೀಸಿಗೆ ಸೇರಿದರು. ನಾಲ್ಕು ಲಕ್ಷದಷ್ಟು ಮುಸ್ಲಿಮರು ಈ ಕಡೆ ಬಂದರು. ಏಳು ಊರುಗಳಲ್ಲಿ ಇವತ್ತು ಹೆಚ್ಚು ಕಡೆ ಸಭೆ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ. ಇದನ್ನು ಹೊರಡುವ ಮೊದಲೇ ನಿಮ್ಮ ತಂಡಕ್ಕೆ ಹೇಳಿ.

ಹಾಗಾದರೆ ನೋಡುವುದೇನು? ಪತ್ರದ ಮಾತು ಆ ಊರಿನ ಮಣ್ಣಿಗೆ ಎಲ್ಲೆಲ್ಲಿ ಅಂಟಿಕೊಂಡಿದೆ ಅನ್ನುವುದನ್ನು. ಪ್ರಕಟನೆ 2 ಮತ್ತು 3ನೇ ಅಧ್ಯಾಯವನ್ನು ಮನೆಯಲ್ಲಿ ಓದಿದರೆ ಉಪದೇಶದ ಹಾಗೆ ಕೇಳುತ್ತದೆ. ಆಯಾ ಊರಲ್ಲಿ ನಿಂತು ಓದಿದರೆ ಅಲ್ಲಿನವರ ಮನೆ ಬಾಗಿಲಿಗೆ ಬಂದ ಕಾಗದದ ಹಾಗೆ ಕೇಳುತ್ತದೆ. ಅಲ್ಲಿನ ನೀರು, ಕೋಟೆ, ಉಣ್ಣೆ, ಭೂಕಂಪ ಎಲ್ಲವೂ ಅದರೊಳಗಿವೆ. ನಾನು ತಂಡಗಳನ್ನು ಕರೆದುಕೊಂಡು ಹೋಗುವುದು ಇದಕ್ಕೇ. ಎರಡೂವರೆ ದಿನದ ಪಟ್ಟಿ ಬೇಡ ಅನ್ನುವುದೂ ಇದಕ್ಕೇ.

ಲವೊದಿಕೀಯದಿಂದಲೇ ಶುರು ಮಾಡುತ್ತೇನೆ, ಪಟ್ಟಿಯಲ್ಲಿ ಅದು ಕೊನೆಯದಾದರೂ. ಡೆನಿಜ್ಲಿ ಪಟ್ಟಣದ ಪಕ್ಕದ ಗುಡ್ಡದ ಮೇಲಿದೆ. ಅಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಬೆಟ್ಟದ ಬದಿಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಾಣುತ್ತದೆ. ಅದು ಪಮುಕ್ಕಲೆ, ಅಂದರೆ ಹತ್ತಿಯ ಕೋಟೆ. ಅದರ ನೆತ್ತಿಯಲ್ಲೇ ಹಿಯೆರಾಪೊಲಿ, ಬಿಸಿನೀರಿನ ಬುಗ್ಗೆಗಳ ಊರು. ಇನ್ನೊಂದು ದಿಕ್ಕಿನಲ್ಲಿ ಹೊನಾಜ್ ಬೆಟ್ಟ. ಅದರ ಬುಡದಲ್ಲಿ ಕೊಲೊಸ್ಸೆ, ತಣ್ಣೀರಿನ ಊರು. ನಡುವೆ ಲವೊದಿಕೀಯ. ಅದಕ್ಕೆ ನೀರು ಕಲ್ಲಿನ ಕೊಳವೆಯಲ್ಲಿ ದೂರದಿಂದ ಬರುತ್ತಿತ್ತು. ಆ ಕೊಳವೆಗಳು ಇನ್ನೂ ಅಲ್ಲೇ ಬಿದ್ದಿವೆ. ಒಳಗೆಲ್ಲ ಸುಣ್ಣ ಕಟ್ಟಿದೆ, ನಮ್ಮ ಬೋರ್‌ವೆಲ್ ನೀರಿನ ಪೈಪಿನ ಹಾಗೆ. ಅಲ್ಲಿ ನಿಂತು 'ನೀನು ತಣ್ಣಗೂ ಇಲ್ಲ, ಬಿಸಿಯಾಗಿಯೂ ಇಲ್ಲ' ಅನ್ನುವ ಮಾತು ಓದಿದರೆ ಯಾರೂ ವ್ಯಾಖ್ಯಾನ ಮಾಡಬೇಕಾಗಿಲ್ಲ.

ಆದರೂ ಒಂದು ಎಚ್ಚರಿಕೆ. ಗೈಡ್ ಇದನ್ನು ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. ವಿದ್ವಾಂಸರಲ್ಲಿ ಎಲ್ಲರೂ ಒಪ್ಪಿಲ್ಲ. ಆ ಕಾಲದ ಊಟದಲ್ಲಿ ಬಿಸಿ ಮಾಡಿದ ಇಲ್ಲವೇ ತಣಿಸಿದ ದ್ರಾಕ್ಷಾರಸ ಕೊಡುತ್ತಿದ್ದರು, ಮಾತು ಅದರದ್ದು ಅನ್ನುವವರೂ ಇದ್ದಾರೆ. ನನಗಂತೂ ಕೊಳವೆ ನೋಡಿದ ಮೇಲೆ ನೀರಿನ ಕಡೆಗೇ ಮನಸ್ಸು ವಾಲುತ್ತದೆ. ಆಣೆ ಮಾತ್ರ ಹಾಕಲಾರೆ.

ಅದೇ ಪತ್ರದಲ್ಲಿ 'ನಾನು ಐಶ್ವರ್ಯವಂತ, ನನಗೇನೂ ಕೊರತೆಯಿಲ್ಲ' ಅನ್ನುವ ಜಂಬವಿದೆ ಅಲ್ವಾ? ಕ್ರಿ.ಶ. 60ರಲ್ಲಿ ಭೂಕಂಪಕ್ಕೆ ಈ ಊರು ನೆಲಕಚ್ಚಿತು. ರೋಮ್ ಸರ್ಕಾರದ ಸಹಾಯ ಇಲ್ಲದೆ ತನ್ನ ದುಡ್ಡಿನಿಂದಲೇ ಎದ್ದು ನಿಂತಿತು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಹಾಗಾಗಿ ಜಂಬಕ್ಕೆ ಕಾರಣ ಇತ್ತು! ಕಪ್ಪು ಉಣ್ಣೆಗೆ ಹೆಸರಾದ ಊರು, ಆದ್ದರಿಂದ ಪತ್ರದಲ್ಲಿ ಬಿಳಿ ಬಟ್ಟೆ ಕೊಂಡುಕೋ ಅನ್ನುವ ಚುಚ್ಚು. ಡೆನಿಜ್ಲಿಯವರ ನೇಯ್ಗೆ ಇನ್ನೂ ನಿಂತಿಲ್ಲ, ಈಗ ಟವೆಲ್ಲಿಗೆ ಪ್ರಸಿದ್ಧ. ಚರ್ಚು ನೋಡಲೇಬೇಕು ಅನ್ನುವವರಿಗೂ ಇಲ್ಲಿ ಸಮಾಧಾನ ಸಿಗುತ್ತದೆ. 2010ರಲ್ಲಿ ಪಮುಕ್ಕಲೆ ವಿಶ್ವವಿದ್ಯಾಲಯದವರಿಗೆ ಇಲ್ಲಿ 4ನೇ ಶತಮಾನದ ದೊಡ್ಡ ಚರ್ಚು ಸಿಕ್ಕಿತು. ಮೇಲೆ ಚಾವಣಿ ಕಟ್ಟಿ, ಗಾಜಿನ ದಾರಿ ಮಾಡಿದ್ದಾರೆ. ಕಾಲ ಕೆಳಗೆ ಹಳೆಯ ಮೊಸಾಯಿಕ್ ನೆಲ ಕಾಣುತ್ತದೆ.

ಎಫೆಸಕ್ಕೆ ಪೂರ್ತಿ ಒಂದು ದಿನ ಇಡಿ. ನೀವು ಹಂಪಿ ನೋಡಿದವರು, ಅರ್ಥವಾಗುತ್ತದೆ: ಹಾಳಾದ ಊರು ಅಂದರೆ ಸತ್ತ ಊರಲ್ಲ, ಬೀದಿ ಬೀದಿಯೂ ಗುರುತು ಸಿಗುತ್ತದೆ. ಪೌಲ ಇಲ್ಲಿ ಮೂರು ವರ್ಷದಷ್ಟು ಇದ್ದ. ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯದಲ್ಲಿ ಅಕ್ಕಸಾಲಿಗ ದೇಮೇತ್ರಿಯ ಎಬ್ಬಿಸಿದ ಗಲಾಟೆ ನೆನಪಿದೆಯಲ್ಲ? ಜನ ಎರಡು ತಾಸು ಅರ್ತೆಮೀದೇವಿಗೆ ಜೈಕಾರ ಕೂಗಿದ ಆ ನಾಟಕಶಾಲೆ ಹಾಗೇ ಇದೆ. ಸುಮಾರು 25,000 ಮಂದಿ ಕೂರಬಹುದಾದಷ್ಟು ದೊಡ್ಡದು. ಮೆಟ್ಟಿಲ ಮೇಲೆ ಕೂತು ಆ ಅಧ್ಯಾಯ ಓದಿಸಿ. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಸೆಲ್ಸಸ್ ಗ್ರಂಥಾಲಯ ಪೌಲನ ಕಾಲದ್ದಲ್ಲ, 2ನೇ ಶತಮಾನದ್ದು. ಬಿದ್ದಿದ್ದ ಅದರ ಮುಂಭಾಗವನ್ನು 1970ರ ದಶಕದಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಲೋಕದ ಏಳು ಅದ್ಭುತಗಳಲ್ಲಿ ಒಂದಾದ ಅರ್ತೆಮೀ ದೇವಸ್ಥಾನದಲ್ಲಿ ಈಗ ಒಂಟಿ ಕಂಬ ನಿಂತಿದೆ, ಅದರ ತುದಿಯಲ್ಲಿ ಕೊಕ್ಕರೆ ಗೂಡು.

ನಾಟಕಶಾಲೆಯ ಮುಂದಿನ ಬೀದಿ ನೇರ ಬಂದರಿಗೆ ಹೋಗುತ್ತಿತ್ತು. ಈಗ ಅಲ್ಲಿ ಜೌಗು, ಪೊದೆ. ನದಿ ತಂದು ಹಾಕಿದ ಮಣ್ಣಿನಿಂದ ಬಂದರು ಹೂತುಹೋಯಿತು. ಸಮುದ್ರ ಹಲವು ಕಿಲೋಮೀಟರ್ ಹಿಂದೆ ಸರಿಯಿತು, ಊರೂ ಬರಿದಾಯಿತು. 'ನಿನ್ನ ದೀಪಸ್ತಂಭವನ್ನು ಅದರ ಸ್ಥಳದಿಂದ ತೆಗೆದುಬಿಡುತ್ತೇನೆ' ಅನ್ನುವ ಅರ್ಥದ ಮಾತು ಎಫೆಸದ ಪತ್ರದಲ್ಲೇ ಇದೆ.

ಕೆಳಗಿನ ಬಾಗಿಲ ಹತ್ತಿರ ಮರಿಯಳ ಹೆಸರಿನ ಚರ್ಚಿನ ಅವಶೇಷವಿದೆ. 431ರಲ್ಲಿ ಬಿಷಪರ ಎಫೆಸ ಮಹಾಸಭೆ ಸೇರಿದ್ದು ಅಲ್ಲೇ. ಬಹಳ ತಂಡಗಳು ಹಸಿವೆಯ ಅವಸರದಲ್ಲಿ ಅದನ್ನು ನೋಡದೆ ಬಸ್ ಹತ್ತುತ್ತವೆ. ಹತ್ತಿರದ ಸೆಲ್ಚುಕ್ ಪಟ್ಟಣದಲ್ಲಿ 6ನೇ ಶತಮಾನದ ಯೋಹಾನನ ಬಸಿಲಿಕಾ ಇದೆ, ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿದ್ದು. ಯೋಹಾನನ ಸಮಾಧಿ ಅಲ್ಲೇ ಎಂದು ಪರಂಪರೆ ಹೇಳುತ್ತದೆ. ಬೆಟ್ಟದ ಮೇಲಿನ 'ಮರಿಯಳ ಮನೆ'ಯ ಕಥೆ ಬೇರೆ. ಜರ್ಮನಿಯ ಸನ್ಯಾಸಿನಿ ಅನ್ನಾ ಕ್ಯಾಥರಿನ್ ಎಮೆರಿಕ್ ಕಂಡ ದರ್ಶನದ ವರ್ಣನೆ ಹಿಡಿದು ಹುಡುಕಿದ ಪಾದ್ರಿಗಳು 1891ರಲ್ಲಿ ಅದನ್ನು ಗುರುತಿಸಿದರು. ಇತಿಹಾಸದ ಪುರಾವೆ ಕೇಳಿದರೆ ಗಟ್ಟಿ ಉತ್ತರ ಇಲ್ಲ. ಮರಿಯಳ ಕೊನೆಯ ದಿನಗಳು ಯೆರೂಸಲೇಮಿನಲ್ಲಿ ಅನ್ನುವ ಪರಂಪರೆ ಇನ್ನೂ ಹಳೆಯದು. ಆದರೂ ಮೂವರು ಪೋಪರು ಬಂದು ಹೋಗಿದ್ದಾರೆ, ಮುಸ್ಲಿಮರೂ ಭಕ್ತಿಯಿಂದ ಬರುತ್ತಾರೆ. ನಿಮ್ಮ ತಂಡದಲ್ಲಿ ಬೇಡ ಅನ್ನುವವರಿದ್ದರೆ ವಾದ ಬೇಡ, ಮರದ ನೆರಳಲ್ಲಿ ಕೂತಿರಲಿ.

ಸ್ಮುರ್ನ ಅಂದರೆ ಈಗಿನ ಇಜ್ಮಿರ್, ನಲವತ್ತು ಲಕ್ಷ ಜನರ ಪ್ರಾಂತ್ಯದ ಕೇಂದ್ರ. ಗ್ರೀಕಿನಲ್ಲಿ ಸ್ಮುರ್ನ ಅಂದರೆ ರಕ್ತಬೋಳ, ಜ್ಞಾನಿಗಳು ಬಾಲಯೇಸುವಿಗೆ ಕೊಟ್ಟ ಮೂರನೇ ಕಾಣಿಕೆ. ಹಿಂಸೆ ಬರುತ್ತದೆ, ಹೆದರಬೇಡ ಅನ್ನುವ ಪತ್ರ ಇಲ್ಲಿಗೇ ಬಂದದ್ದು. 2ನೇ ಶತಮಾನದ ಮಧ್ಯದಲ್ಲಿ ಇಲ್ಲಿನ ಬಿಷಪ್ ಪಾಲಿಕಾರ್ಪ್ ಮುದಿವಯಸ್ಸಿನಲ್ಲಿ ರಕ್ತಸಾಕ್ಷಿಯಾದರು. 'ಎಂಬತ್ತಾರು ವರ್ಷ ಆತನ ಸೇವೆ ಮಾಡಿದೆ, ಆತ ನನಗೇನೂ ಕೆಡುಕು ಮಾಡಲಿಲ್ಲ' ಎಂದರಂತೆ. ಅವರ ಹೆಸರಿನ ಕ್ಯಾಥೊಲಿಕ್ ಚರ್ಚು ಊರ ಮಧ್ಯೆ ಇದೆ. ಮೊದಲೇ ತಿಳಿಸಿ ಹೋದರೆ ಬಾಗಿಲು ತೆರೆದಿರುತ್ತದೆ, ಸುಮ್ನೆ ಹೋದರೆ ಹೊರಗೇ ನಿಲ್ಲಬೇಕಾಗಬಹುದು.

ಪೆರ್ಗಮಕ್ಕೆ, ಈಗಿನ ಬೆರ್ಗಾಮಾಕ್ಕೆ, ಕೇಬಲ್ ಕಾರ್ ಇದೆ. ಮೇಲೆ ಹೋದರೆ ಎದೆ ಝಲ್ಲೆನ್ನುವಷ್ಟು ಕಡಿದಾದ ನಾಟಕಶಾಲೆ. ಪಕ್ಕದಲ್ಲಿ ಎರಡು ಮರ, ಒಂದಿಷ್ಟು ಮೆಟ್ಟಿಲು. ಅದು ಗ್ರೀಕರ ದೊಡ್ಡ ದೇವರು ಜೀಯಸ್‌ನ ಮಹಾ ಬಲಿಪೀಠ ಇದ್ದ ಜಾಗ. ಪೀಠದ ಶಿಲ್ಪಗಳು 19ನೇ ಶತಮಾನದ ಕೊನೆಯಲ್ಲಿ ಬರ್ಲಿನ್ನಿಗೆ ಹೋದವು. 'ಸೈತಾನನ ಸಿಂಹಾಸನ' ಎಂದು ಪತ್ರ ಹೇಳುವುದು ಇದನ್ನೇ ಎಂದು ಗೈಡ್ ಹೇಳುತ್ತಾರೆ. ನನ್ನ ಅನುಮಾನ ಬೇರೆ. ಆಸ್ಯಸೀಮೆಯಲ್ಲಿ ಚಕ್ರವರ್ತಿ ಔಗುಸ್ತನಿಗೆ ಮೊದಲ ಗುಡಿ ಕಟ್ಟಲು ಅಪ್ಪಣೆ ಪಡೆದದ್ದು ಈ ಊರು, ಕ್ರಿ.ಪೂ. 29ರಲ್ಲಿ. ರಾಜನಿಗೆ ಧೂಪ ಹಾಕದವರಿಗೆ ಅಪಾಯ ಇದ್ದ ಕಾಲದಲ್ಲಿ ಆ ಮಾತು ಯಾರ ಮೇಲೆ ಬಂದಿರಬಹುದು ಎಂದು ಯೋಚಿಸಿ. ನಂಬಿಕೆಗಾಗಿ ಕೊಲೆಯಾದವನೆಂದು ಪತ್ರ ಹೆಸರಿಸುವ ಅಂತಿಪ ಸತ್ತದ್ದು ಇದೇ ಊರಲ್ಲಿ.

ಥುವತೈರದಲ್ಲಿ, ಈಗಿನ ಅಕ್‌ಹಿಸಾರ್‌ನಲ್ಲಿ, ನಿಜಕ್ಕೂ ಹೆಚ್ಚೇನಿಲ್ಲ. ಅಕ್‌ಹಿಸಾರ್ ಪೇಟೆಯ ನಡುವೆ, ಅಂಗಡಿಗಳ ಮಧ್ಯೆ, ಬೇಲಿ ಹಾಕಿದ ಒಂದು ತುಂಡು ಜಾಗ. ಅರ್ಧ ಗಂಟೆ ಸಾಕು. ಏಳು ಪತ್ರಗಳಲ್ಲಿ ಅತಿ ಉದ್ದದ್ದು ಮಾತ್ರ ಈ ಸಣ್ಣ ಊರಿಗೇ ಬಂದದ್ದು. ಫಿಲಿಪ್ಪಿಯಲ್ಲಿ ಪೌಲನ ಮಾತಿಗೆ ಮನಸ್ಸು ತೆರೆದ ಲುದ್ಯಳೂ ಇಲ್ಲಿಯವಳು. ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದವಳು. ಅಲ್ಲೇ ಚಹಾ ಕುಡಿದು ಹೊರಡಿ.

ಸಾರ್ದಿಸ್ ಹಾಗಲ್ಲ. ಐಶ್ವರ್ಯಕ್ಕೆ ಹೆಸರಾದ ಕ್ರೋಸಸ್ ರಾಜನ ರಾಜಧಾನಿ, ಚಿನ್ನದ ಮರಳಿನ ಹೊಳೆಯ ಊರು. ಮೇಲಿನ ಕೋಟೆ ಎಷ್ಟು ಕಡಿದು ಅಂದರೆ ಆ ಬದಿಗೆ ಕಾವಲೇ ಹಾಕಿರಲಿಲ್ಲವಂತೆ. ಕ್ರಿ.ಪೂ. 546ರ ಸುಮಾರಿಗೆ ಪರ್ಷಿಯಾದ ಕೋರೆಷನ ಸೈನಿಕರು ಹತ್ತಿದ್ದು ಅದೇ ಬದಿಯಿಂದ. ಮುನ್ನೂರು ವರ್ಷ ಕಳೆದ ಮೇಲೆ ಮತ್ತೊಮ್ಮೆ ಅದೇ ತಪ್ಪು, ಅದೇ ಸೋಲು. ಆ ಊರಿನವರಿಗೆ 'ಎಚ್ಚರವಾಗಿರು, ಇಲ್ಲದಿದ್ದರೆ ಕಳ್ಳನ ಹಾಗೆ ಬರುತ್ತೇನೆ' ಎಂದು ಬರೆದರೆ ಹೇಗೆ ಚುರುಕ್ ಅಂದಿರಬೇಡ! ಇಲ್ಲಿನ ಯೆಹೂದಿ ಸಭಾಮಂದಿರ ಹಳೆಯ ಕಾಲದಿಂದ ಉಳಿದವುಗಳಲ್ಲಿ ಬಹು ದೊಡ್ಡದು. ಸ್ವಲ್ಪ ದೂರದ ಅರ್ತೆಮೀ ಗುಡಿಯ ಮೂಲೆಗೆ 4ನೇ ಶತಮಾನದ ಪುಟ್ಟ ಚರ್ಚು ಒರಗಿಕೊಂಡಿದೆ. ದೈತ್ಯ ಕಂಬಗಳ ಬುಡದಲ್ಲಿ ಗುಬ್ಬಿಗೂಡಿನ ಹಾಗೆ.

ಫಿಲದೆಲ್ಫಿಯ, ಈಗಿನ ಅಲಾಶೆಹಿರ್, ನನಗೆ ಎಲ್ಲಕ್ಕಿಂತ ಇಷ್ಟ. ಕ್ರಿ.ಶ. 17ರ ಭೂಕಂಪದಲ್ಲಿ ಸಾರ್ದಿಸ್ ಜೊತೆ ಇದೂ ಬಿತ್ತು. ನೆಲದ ನಡುಕ ನಿಲ್ಲದೆ ಬಹಳ ಜನ ಊರ ಹೊರಗೇ ವಾಸ ಮಾಡುತ್ತಿದ್ದರು ಎಂದು ಆ ಕಾಲದ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಮನೆ ಬಿಟ್ಟು ಓಡಿ ಓಡಿ ಸಾಕಾದ ಜನಕ್ಕೆ ಬಂದ ಮಾತು ಏನು? ನಿನ್ನನ್ನು ದೇವಾಲಯದ ಕಂಬ ಮಾಡುತ್ತೇನೆ, ಇನ್ನು ನೀನು ಹೊರಗೆ ಹೋಗಬೇಕಾಗಿಲ್ಲ. ಇವತ್ತು ಅಲ್ಲಿ ಉಳಿದಿರುವುದೂ ಕಂಬಗಳೇ. ಬೈಜಾಂಟಿನ್ ಕಾಲದ ಯೋಹಾನನ ಚರ್ಚಿನ ಭಾರಿ ಇಟ್ಟಿಗೆ ಕಂಬಗಳು, ಸುತ್ತ ಮನೆಗಳು, ಒಗೆದು ಹರವಿದ ಬಟ್ಟೆ, ಆಡುವ ಮಕ್ಕಳು. ಸುತ್ತಲಿನ ಸೀಮೆಯೆಲ್ಲ ಕೈಬಿಟ್ಟ ಮೇಲೂ ಈ ಊರು 1390ರವರೆಗೆ ಕ್ರೈಸ್ತರ ಕೈಯಲ್ಲೇ ಇತ್ತು.

ಈಗ ನಿಮ್ಮ ಏಜೆಂಟರ ಪಟ್ಟಿಗೆ ಬರೋಣ. ಇದೇ ಥರದ ಪಟ್ಟಿ ಹಿಡಿದು ನಾನೇ ಒಮ್ಮೆ ಹೋಗಿ ಪಾಠ ಕಲಿತಿದ್ದೇನೆ. ಸಾರ್ದಿಸ್‌ಗೆ ಮುಟ್ಟಿದಾಗ ಸಂಜೆಯಾಗಿತ್ತು, ಗೇಟು ಹಾಕಿತ್ತು. ಬೇಲಿ ಆಚೆಯಿಂದ ಪತ್ರ ಓದಿದೆವು. ಅದೇ ದಿನ ಬೆಳಿಗ್ಗೆ ಒಂದು ಚರ್ಮದ ಅಂಗಡಿಯಲ್ಲಿ ಎರಡು ತಾಸು ಕೂರಿಸಿದ್ದರು. ಕಡಿಮೆ ದರದ ಪ್ಯಾಕೇಜಿನಲ್ಲಿ ಅಂಗಡಿ ಸುತ್ತುವುದೂ ಲೆಕ್ಕದೊಳಗೇ ಇರುತ್ತದೆ. ಎಷ್ಟು ಅಂಗಡಿ, ಎಷ್ಟು ಹೊತ್ತು ಎಂದು ಬರವಣಿಗೆಯಲ್ಲಿ ಕೇಳಿ. ಪ್ರವೇಶ ಟಿಕೆಟ್ ಸೇರಿದೆಯೇ ಎಂದೂ ಕೇಳಿ. 2025ರಲ್ಲಿ ಎಫೆಸ ಒಂದಕ್ಕೇ ತಲಾ 40 ಯುರೋ ಇತ್ತು. ಮುಂಗಡ ಕಟ್ಟುವಾಗ ಟಿಸಿಎಸ್ (ವಿದೇಶ ಪ್ರವಾಸದ ಹಣದ ಮೇಲೆ ಮೊದಲೇ ಹಿಡಿಯುವ ತೆರಿಗೆ) ಹಿಡಿದರೆ ಅದು ಪ್ರತಿಯೊಬ್ಬರ ಪ್ಯಾನ್ ಲೆಕ್ಕಕ್ಕೆ ಜಮಾ ಆಗಬೇಕು, ಇಡೀ ಗುಂಪಿನದು ಒಬ್ಬರ ಹೆಸರಲ್ಲಿ ಅಲ್ಲ. ಆಮೇಲೆ ರಿಟರ್ನ್ ಹಾಕಿ ವಾಪಸು ಕೇಳಬಹುದು.

ಕಪ್ಪದೋಕ್ಯ ಬಿಡಿ. ಕೆಟ್ಟ ಜಾಗ ಅಂತಲ್ಲ. ಬಂಡೆ ಕೊರೆದ ಚರ್ಚುಗಳು, 4ನೇ ಶತಮಾನದ ಸಭಾಪಿತೃಗಳಾದ ಬೆಸಿಲ್ ಮತ್ತು ಇಬ್ಬರು ಗ್ರೆಗೊರಿಗಳ ಸೀಮೆ. ಅದಕ್ಕೇ ಬೇರೆ ಯಾತ್ರೆ ಬೇಕು. ಯೋಹಾನ ಪ್ರಕಟನೆಯ ದರ್ಶನ ಕಂಡ ಪತ್ಮೊಸ್ ದ್ವೀಪವೂ ಹಾಗೇ. ಅದು ಗ್ರೀಸಿಗೆ ಸೇರಿದ್ದು, ಯುರೋಪಿನ ಷೆಂಗೆನ್ ವೀಸಾ ಬೇಕು. ಅಲ್ಲಿಂದ ಟರ್ಕಿಗೆ ಮರಳಲು ಇನ್ನೊಂದು ಪ್ರವೇಶದ ವೀಸಾವೂ ಬೇಕು. ಆ ದಿನಗಳನ್ನು ಏಳು ಊರುಗಳಿಗೇ ಕೊಡಿ. ವಿಮಾನ ಇಜ್ಮಿರ್‌ಗೇ ಇಳಿಯಲಿ. ಸೆಲ್ಚುಕ್‌ನಲ್ಲಿ ಎರಡು ರಾತ್ರಿ, ಇಜ್ಮಿರ್‌ನಲ್ಲಿ ಒಂದು, ಬೆರ್ಗಾಮಾದಲ್ಲಿ ಒಂದು. ಮಾರನೇ ದಿನ ಅಕ್‌ಹಿಸಾರ್ ಮುಗಿಸಿ ಸಾರ್ದಿಸ್, ಪಕ್ಕದ ಸಾಲಿಹ್ಲಿ ಪಟ್ಟಣದಲ್ಲಿ ಮಲಗಿ. ಆಮೇಲೆ ಅಲಾಶೆಹಿರ್ ನೋಡಿ ಪಮುಕ್ಕಲೆಯಲ್ಲಿ ಎರಡು ರಾತ್ರಿ. ಡೆನಿಜ್ಲಿಯಿಂದ ವಿಮಾನದಲ್ಲಿ ಇಸ್ತಾನ್‌ಬುಲ್, ಅಲ್ಲಿ ಎರಡು ರಾತ್ರಿ. ಒಟ್ಟು ಒಂಬತ್ತು ರಾತ್ರಿ, ಏಜೆಂಟರ 8 ದಿನಕ್ಕಿಂತ ಸ್ವಲ್ಪ ಹೆಚ್ಚು. ಊರುಗಳ ಈ ಸರದಿ ಪತ್ರಗಳ ಕ್ರಮವೂ ಹೌದು. ಎಫೆಸದಿಂದ ಹೊರಟ ಅಂಚೆಯವನು ಸುತ್ತು ಹೊಡೆದ ಹಾಗೆ ಆ ಏಳು ಊರು ಬರುತ್ತವೆ. ಬೆರ್ಗಾಮಾದ ಆಚೆ ಒಂದು ಊರಿಂದ ಇನ್ನೊಂದಕ್ಕೆ ಸುಮಾರು 50ರಿಂದ 110 ಕಿ.ಮೀ. ಅಷ್ಟೆ.

ವಯಸ್ಸಾದವರ ವಿಷಯ. ಏಪ್ರಿಲ್, ಮೇ ಇಲ್ಲವೇ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್ ಬಿಸಿಲು ಬೇಡ, ಕಲ್ಲು ಕಾದು ಮುಖಕ್ಕೆ ರಾಚುತ್ತದೆ. ಎಫೆಸದಲ್ಲಿ ಮೇಲಿನ ಬಾಗಿಲಿಂದ ಹೊಕ್ಕು ಕೆಳಗಿನದರಿಂದ ಹೊರಬನ್ನಿ, ಎಲ್ಲ ಇಳಿಜಾರು. ಅಮೃತಶಿಲೆ ಸವೆದು ಜಾರುತ್ತದೆ, ಚಪ್ಪಲಿ ಸಾಲದು, ಹಿಡಿತವಿರುವ ಶೂ ಬೇಕು. ಹಿಯೆರಾಪೊಲಿಯಲ್ಲಿ ಹಂಪಿಯ ವಿಠ್ಠಲ ದೇವಸ್ಥಾನದ ದಾರಿಯ ಹಾಗೆ ಬ್ಯಾಟರಿ ಗಾಡಿ ಸಿಗುತ್ತದೆ. ಪಮುಕ್ಕಲೆಯ ಬಿಳಿ ಮೆಟ್ಟಿಲ ಮೇಲೆ ಬರಿಗಾಲಲ್ಲೇ ನಡೆಯಬೇಕು, ಮಂಡಿ ನೋವಿನವರು ದಂಡೆಯಲ್ಲೇ ಕಾಲು ಇಳಿಬಿಟ್ಟರೆ ಸಾಕು. ಹಿಯೆರಾಪೊಲಿಯಲ್ಲಿರುವ, ಅಪೊಸ್ತಲ ಫಿಲಿಪ್ಪನ ಹೆಸರಿನ ಎಂಟು ಮೂಲೆಯ ಸ್ಮಾರಕಕ್ಕೆ ಮೆಟ್ಟಿಲು ಬಹಳ, ಆಗುವವರು ಮಾತ್ರ ಹತ್ತಲಿ. ಊಟಕ್ಕೆ ಬೇಳೆ ಸೂಪು, ಅನ್ನ, ಬದನೆಕಾಯಿ, ಮೊಸರು ಎಲ್ಲಾ ಕಡೆ ಇದೆ. ಅವರ ಆಯ್ರಾನ್ ಅಂದರೆ ಉಪ್ಪು ಹಾಕಿದ ಮಜ್ಜಿಗೆಯೇ. ಖಾರ ಮಾತ್ರ ಇರಲ್ಲ. ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ, ನಾಲ್ಕನೇ ದಿನ ಎಲ್ಲರೂ ನಿಮ್ಮ ಸುತ್ತ ಕೂರುತ್ತಾರೆ.

ಇನ್ನು ಆರಾಧನೆ. ಟರ್ಕಿಯಲ್ಲಿ ಜಾಗ ತೋರಿಸಿ ವಿವರಿಸುವುದು ಲೈಸೆನ್ಸ್ ಇರುವ ಗೈಡ್ ಕೆಲಸ. ನಿಮ್ಮ ಸಭಾಪಾಲಕರು ಮೈಕ್ ಹಿಡಿದು ಇತಿಹಾಸ ಹೇಳತೊಡಗಿದರೆ ತಕರಾರು ಬರಬಹುದು. ಒಂದು ಕಡೆ ಕೂತು ಪತ್ರ ಓದಿ, ಸಣ್ಣ ದನಿಯಲ್ಲಿ ಪ್ರಾರ್ಥನೆ ಮಾಡಿದರೆ ನಾನು ಕಂಡಂತೆ ಯಾರೂ ಬೇಡವೆಂದಿಲ್ಲ. ಓದುವ ಪಾಳಿಯನ್ನು ಇಲ್ಲೇ ಹಂಚಿಬಿಡಿ, ಏಳು ಊರಿಗೆ ಏಳು ಜನ. ಕನ್ನಡದಲ್ಲೇ ಓದಿ. ಮೇಜು ಹಾಕಿ ಕರ್ತನ ಭೋಜನ ನಡೆಸುವುದು ಬೇರೆ ಮಾತು, ಪುರಾತತ್ವ ಜಾಗಗಳಲ್ಲಿ ಮೊದಲೇ ಅನುಮತಿ ಇಲ್ಲದೆ ಬೇಡ.

ಅದಕ್ಕೆ ಸುಲಭದ ದಾರಿ ಇದೆ. ಇಜ್ಮಿರ್‌ನ ಅಲ್ಸಂಜಾಕ್ ಬಡಾವಣೆಯಲ್ಲಿ ಸಂತ ಯೋಹಾನನ ಆಂಗ್ಲಿಕನ್ ಚರ್ಚ್ ಇದೆ. ಸಿಎಸ್‌ಐ ಕೂಡ ಆಂಗ್ಲಿಕನ್ ಬಳಗಕ್ಕೆ ಸೇರಿದ್ದರಿಂದ ನೀವು ಅಲ್ಲಿ ಹೊರಗಿನವರಲ್ಲ. ಏಳು ಊರುಗಳಲ್ಲಿ ಇವತ್ತಿಗೂ ಸಭೆ ಕೂಡುವುದು ಕಣ್ಣಿಗೆ ಬೀಳುವ ಊರು ಸ್ಮುರ್ನ. ಹಾಗಾಗಿ ಭಾನುವಾರ ನೀವು ಇಜ್ಮಿರ್‌ನಲ್ಲಿರುವ ಹಾಗೆ ಲೆಕ್ಕ ಹಾಕಿ ಟಿಕೆಟ್ ಮಾಡಿಸಿ: ಶುಕ್ರವಾರ ಇಳಿದರೆ, ಶನಿವಾರ ಎಫೆಸ, ಭಾನುವಾರ ಬೆಳಿಗ್ಗೆ ಸೆಲ್ಚುಕ್‌ನಿಂದ ಒಂದೂವರೆ ತಾಸಿನ ದಾರಿ. ಎರಡು ತಿಂಗಳು ಮುಂಚೆ ಅವರಿಗೊಂದು ಪತ್ರ ಬರೆಯಿರಿ. 26 ಮಂದಿ ಬರುತ್ತಿದ್ದೇವೆ, ಕನ್ನಡದಲ್ಲಿ ಒಂದು ಕೀರ್ತನೆ ಹಾಡಬಹುದೇ ಎಂದೂ ಕೇಳಿ.